ಅಜ್ಜಯ್ಯನ ಕೈ ಮುರಿದ ಹ್ಯಾಂಡಲ್

ಪ್ರಶ್ನೆ: ಕೊಪ್ಪ ತಾಲ್ಲೂಕಿನ ಒಂದು ಅಡಿಕೆ ತೋಟದ ಮನೆ ನಮ್ಮದು. ಎರಡನೆಯ ಮಹಾಯುದ್ಧದ ಕಾಲದಲ್ಲಿ ನಮ್ಮ ಅಜ್ಜಯ್ಯನ ಬಳಿ ಒಂದು ಹಳೆಯ ಫೋರ್ಡ್ ಕಾರಿತ್ತು. ಬಟ್ಟೆಯ ಹುಡ್, ಕಾಲಿನ ಬಳಿ ಮೂರು ಪೆಡಲ್, ಗೇರು ಬದಲಿಸುವ ಕಡ್ಡಿಯೇ ಇಲ್ಲ, ಸ್ಟೀರಿಂಗ್ ಮುಂದೆ ಜೀರುಂಡೆಯಂತೆ ಸದ್ದು ಮಾಡುವ ಮರದ ಪೆಟ್ಟಿಗೆ. ಅಪ್ಪಯ್ಯನಿಗೆ ಇಷ್ಟು ನೆನಪಿದೆ. ಇಂಜಿನ್ ಶುರು ಮಾಡಲು ಕಾರಿನ ಮುಂದೆ ನಿಂತು ಹ್ಯಾಂಡಲ್ ಹೊಡೆಯುವಾಗ ಅಜ್ಜಯ್ಯ ಎಂಟು ವರ್ಷದ ಅಪ್ಪಯ್ಯನನ್ನು ಸೀಟಿನಲ್ಲಿ ಕೂರಿಸಿ, ಸ್ಟೀರಿಂಗ್ ಕೆಳಗಿನ ಕಡ್ಡಿಯನ್ನು ನೋಡಿಕೊಳ್ಳಲು ಹೇಳುತ್ತಿದ್ದರಂತೆ. ಒಂದು ಮುಂಜಾನೆ ಹ್ಯಾಂಡಲ್ ಹಿಂದಕ್ಕೆ ಒದ್ದು ಅಜ್ಜಯ್ಯನ ಬಲಗೈಯ ಮಣಿಕಟ್ಟು ಮುರಿಯಿತು. ‘ಕಡ್ಡಿಯನ್ನು ಮೊದಲೇ ಕೆಳಗೆ ಎಳೆದುಬಿಟ್ಟೆ, ಅಪ್ಪನ ಕೈ ಮುರಿದವನು ನಾನೇ’ ಎಂದು 88ನೆಯ ವಯಸ್ಸಿನಲ್ಲೂ ಅಪ್ಪಯ್ಯ ಹೇಳುತ್ತಾರೆ. ಇದು ನಿಜವಿರಬಹುದೇ? ಕೈ ಕೂಡಿದ ಮೇಲೆ ಅಜ್ಜಯ್ಯ ಮತ್ತೆ ಅಪ್ಪಯ್ಯನನ್ನೇ ಸೀಟಿನಲ್ಲಿ ಕೂರಿಸಿ, ಕೊನೆಯವರೆಗೂ ಎಡಗೈಯಲ್ಲೇ ಹ್ಯಾಂಡಲ್ ಹೊಡೆದರಂತೆ. ಪೆಟ್ರೋಲ್ ಕಡಿಮೆಯಾದಾಗ ಆಗುಂಬೆ ಘಾಟಿಯನ್ನು ಹಿಮ್ಮುಖವಾಗಿ ಹತ್ತಿಸಿದರು ಎಂಬ ಕಥೆಯೂ ಇದೆ. ನಾವು ನಂಬಿರಲಿಲ್ಲ. ಈಗ ಅಟ್ಟದಲ್ಲಿ ಕಬ್ಬಿಣದ ಹ್ಯಾಂಡಲ್ ಒಂದು ಸಿಕ್ಕಿದೆ, ಚಿತ್ರ ಕಳುಹಿಸಿದ್ದೇನೆ. ಅದು ಆ ಕಾರಿನದೇ?

ಉತ್ತರ: ನಿಮ್ಮ ತಂದೆಯವರ ವಯಸ್ಸನ್ನು ನೋಡಿ ಮೊದಲು ಕೈಯ ವಿಷಯಕ್ಕೇ ಬರುತ್ತೇನೆ. ಘಾಟಿ ಮತ್ತು ಅಟ್ಟದ ಹ್ಯಾಂಡಲ್ ಕಾಯಬಹುದು. ಕಡ್ಡಿ ಕೆಳಗಿದ್ದರೆ ಹ್ಯಾಂಡಲ್ ಒದೆಯುತ್ತದೆ, ಅವರು ಹೇಳುವ ಅಷ್ಟು ಮಾತು ನಿಜ. ಆದರೆ ನೀವು ಬರೆದಿರುವ ವಿವರಗಳನ್ನೆಲ್ಲ ಒಟ್ಟಿಗೆ ಇಟ್ಟು ನೋಡಿದಾಗ, ಆ ಮುಂಜಾನೆ ಕೈ ಮುರಿದದ್ದಕ್ಕೆ ಎಂಟು ವರ್ಷದ ಹುಡುಗ ಕಾರಣನೆಂದು ನನಗೆ ತೋರುವುದಿಲ್ಲ. ಸಮಾಧಾನಕ್ಕೆಂದು ಈ ಮಾತು ಹೇಳುತ್ತಿಲ್ಲ. ಐವತ್ತು ವರ್ಷಗಳಿಂದ ಹಳೆಯ ಇಂಜಿನ್‌ಗಳ ನಡುವೆ ಕೆಲಸ ಮಾಡಿದವನಾಗಿ ಕಾರಣ ಕೊಟ್ಟು ಹೇಳುತ್ತೇನೆ. ನಿಮ್ಮ ತಂದೆಯವರಿಗೆ ಇದನ್ನು ಓದಿ ಹೇಳುವಿರಾದರೆ ನಿಧಾನವಾಗಿ, ನಡುನಡುವೆ ನಿಲ್ಲಿಸಿ ಓದಿ. ಅವರಿಗೆ ಅರ್ಥವಾಗದ ಒಂದು ಶಬ್ದವೂ ಇದರಲ್ಲಿ ಇರುವುದಿಲ್ಲ. ಆ ಕಾರನ್ನು ಹತ್ತಿರದಿಂದ ಕಂಡವರು ಅವರು.

ಮೂರು ಪೆಡಲ್, ಗೇರಿನ ಕಡ್ಡಿ ಇಲ್ಲ, ಜೀರುಂಡೆಯ ಪೆಟ್ಟಿಗೆ. ಇಷ್ಟು ಸಾಕು, ಅದು ಫೋರ್ಡ್ ಮಾಡೆಲ್ ಟಿ. ಅಮೆರಿಕದಲ್ಲಿ 1908ರಿಂದ 1927ರವರೆಗೆ ತಯಾರಾದ ಕಾರು, ಒಟ್ಟು ಒಂದೂವರೆ ಕೋಟಿ. ಬ್ರಿಟಿಷ್ ಆಳ್ವಿಕೆಯ ದೇಶಗಳಿಗೆ ಅದನ್ನು ಕಳುಹಿಸುತ್ತಿದ್ದದ್ದು ಕೆನಡಾದ ಫೋರ್ಡ್ ಕಂಪನಿ. ಆ ಮರದ ಪೆಟ್ಟಿಗೆಯಲ್ಲಿ ನಾಲ್ಕು ಕಾಯಿಲ್‌ಗಳಿರುತ್ತವೆ, ನಾಲ್ಕು ಸಿಲಿಂಡರ್‌ಗೆ ಒಂದೊಂದು. ಪ್ರತಿಯೊಂದು ಕಾಯಿಲ್‌ನ ಮೇಲೂ ಒಂದು ತೆಳುವಾದ ಉಕ್ಕಿನ ಪಟ್ಟಿ ಕಂಪಿಸುತ್ತಾ ಕಿಡಿಯ ಮೇಲೆ ಕಿಡಿ ಹಾರಿಸುತ್ತದೆ. ಅದೇ ಆ ಸದ್ದು. ಮಲೆನಾಡಿನ ಮಗುವಿಗೆ ಜೀರುಂಡೆ ನೆನಪಾದದ್ದು ಸಹಜ. ನಾನು ಮೊದಲ ಸಲ ಕೇಳಿದಾಗ ನನಗೂ ಹಾಗೆಯೇ ಅನ್ನಿಸಿತ್ತು.

ಸ್ಟೀರಿಂಗ್ ಚಕ್ರದ ಕೆಳಗೆ ಎರಡು ಕಡ್ಡಿಗಳಿದ್ದವು. ಒಂದು ಪೆಟ್ರೋಲ್ ಹೆಚ್ಚು ಕಡಿಮೆ ಮಾಡಲು, ಏಕೆಂದರೆ ಆ ಕಾರಿನಲ್ಲಿ ಕಾಲಿನಿಂದ ಒತ್ತುವ ಆಕ್ಸಿಲರೇಟರ್ ಇರಲಿಲ್ಲ. ಇನ್ನೊಂದು ಕಿಡಿ ಯಾವಾಗ ಹಾರಬೇಕು ಎಂಬುದನ್ನು ಹಿಂದೆ ಮುಂದೆ ಮಾಡಲು. ಮೇಲೆ ತಳ್ಳಿದರೆ ಕಿಡಿ ತಡವಾಗಿ, ಕೆಳಗೆ ಎಳೆದರೆ ಬೇಗ. ನಿಮ್ಮ ತಂದೆಯವರ ಪಾಲಿಗೆ ಬಂದದ್ದು ಈ ಎರಡನೆಯ ಕಡ್ಡಿ. ಹ್ಯಾಂಡಲ್ ಹೊಡೆಯುವಾಗ ಅದು ಮೇಲಿರಬೇಕು. ಇಂಜಿನ್ ಹಿಡಿದುಕೊಂಡ ಕೂಡಲೇ ಕೆಳಗೆ ಎಳೆಯಬೇಕು, ಇಲ್ಲದಿದ್ದರೆ ಇಂಜಿನ್ ಏದುಸಿರು ಬಿಡುತ್ತಾ ಬಿಸಿಯೇರುತ್ತದೆ, ಕೆಲವೊಮ್ಮೆ ನಿಂತೇ ಹೋಗುತ್ತದೆ. ಒಬ್ಬನೇ ಇದ್ದರೆ ಹ್ಯಾಂಡಲ್ ಬಿಟ್ಟು ಓಡಿ ಬಂದು ಕಡ್ಡಿ ಎಳೆಯಬೇಕಿತ್ತು. ಆದ್ದರಿಂದ ಮನೆಯವರು ಯಾರಾದರೂ ಸೀಟಿನಲ್ಲಿ ಕುಳಿತುಕೊಳ್ಳುತ್ತಿದ್ದರು. ಹೆಂಡತಿ, ತಮ್ಮ, ಹೆಚ್ಚಾಗಿ ಮಕ್ಕಳು. ಹಳೆಯ ಕಾರಿನ ನೆನಪು ಹೇಳುವ ಹಿರಿಯರಲ್ಲಿ ಎಷ್ಟೊಂದು ಜನ ಈ ಕಡ್ಡಿಯನ್ನು ಹಿಡಿದವರು! ಕಾರು ಓಡಿಸಿದ್ದಕ್ಕಿಂತ ಅದನ್ನು ಎಬ್ಬಿಸಿದ್ದೇ ಅವರಿಗೆ ಹೆಚ್ಚು ನೆನಪಿರುತ್ತದೆ.

ಚಳಿಯ ಬೆಳಗಿನಲ್ಲಿ ಎಬ್ಬಿಸುವುದು ಅರ್ಧ ಗಂಟೆಯ ಕೆಲಸ. ಮಾಡೆಲ್ ಟಿಯಲ್ಲಿ ಇಂಜಿನ್‌ಗೂ ಗೇರಿಗೂ ಒಂದೇ ಎಣ್ಣೆ. ರಾತ್ರಿ ಅದು ಗಟ್ಟಿಯಾದರೆ ಕ್ಲಚ್ಚಿನ ಬಿಲ್ಲೆಗಳು ಒಂದಕ್ಕೊಂದು ಅಂಟಿಕೊಂಡು, ಹ್ಯಾಂಡಲ್ ಭಾರವಾಗುತ್ತದೆ. ಇಂಜಿನ್ ಶುರುವಾದ ಕೂಡಲೇ ಕಾರು ತಾನಾಗಿ ಮುಂದಕ್ಕೆ ತೆವಳಿ, ಹ್ಯಾಂಡಲ್ ಹೊಡೆದವನ ಮೇಲೆಯೇ ಬರುತ್ತದೆ. ಅದಕ್ಕೇ ಚಕ್ರಕ್ಕೆ ಕಲ್ಲು ಕೊಡುತ್ತಿದ್ದರು. ಹಿಂದಿನ ಒಂದು ಚಕ್ರವನ್ನು ಜಾಕ್ ಮೇಲೆ ಎತ್ತಿ ಇಡುವವರೂ ಇದ್ದರು. ಆಗ ಕಾರು ತೆವಳುವ ಭಯವಿಲ್ಲ, ಗಾಳಿಯಲ್ಲಿ ತಿರುಗುವ ಆ ಚಕ್ರದ ಓಟವೇ ಇಂಜಿನ್‌ಗೆ ನೆರವಾಗುತ್ತದೆ. ಪೆಟ್ರೋಲನ್ನು ಗಾಳಿಯೊಂದಿಗೆ ಬೆರೆಸುವ ಕಾರ್ಬುರೇಟರಿನ ಮೇಲಿನ ಕೊಳವೆಗೆ ಬಿಸಿನೀರು ಸುರಿಯುವುದು ಹಲವು ದೇಶಗಳಲ್ಲಿ ಇದ್ದ ಉಪಾಯ. ಮಲೆನಾಡಿನ ಮನೆಯಲ್ಲಿ ಬಚ್ಚಲ ಹಂಡೆಯಲ್ಲಿ ಬೆಳಗಿನಿಂದ ನೀರು ಕಾಯುತ್ತಲೇ ಇರುವುದರಿಂದ ಅದಕ್ಕೆ ಬೇರೆ ಒಲೆ ಹೂಡಬೇಕಾಗಿರಲಿಲ್ಲ. ನಿಮ್ಮ ಅಜ್ಜಯ್ಯ ತಂಬಿಗೆಯಲ್ಲಿ ನೀರು ತರಿಸುತ್ತಿದ್ದರೇ ಎಂದು ತಂದೆಯವರನ್ನು ಕೇಳಿ. ತರಿಸುತ್ತಿದ್ದರು ಎಂದರೆ ನನಗೆ ಆಶ್ಚರ್ಯವಾಗುವುದಿಲ್ಲ.

ಇನ್ನು ಹ್ಯಾಂಡಲ್ ಯಾಕೆ ಒದೆಯುತ್ತದೆ ಎಂಬುದು. ಪೆಟ್ರೋಲ್ ಮತ್ತು ಗಾಳಿಯ ಮಿಶ್ರಣವನ್ನು ಪಿಸ್ಟನ್ ಮೇಲಕ್ಕೆ ಒತ್ತುತ್ತಾ ಹೋಗುತ್ತದೆ. ಅದು ತುದಿ ಮುಟ್ಟುವ ಹೊತ್ತಿಗೆ ಮಿಶ್ರಣ ಹೊತ್ತಿಕೊಂಡು ಪಿಸ್ಟನ್ನನ್ನು ಕೆಳಕ್ಕೆ ನೂಕಬೇಕು. ಹೊತ್ತಿಕೊಳ್ಳಲು ಕ್ಷಣದ ಒಂದು ಸಣ್ಣ ತುಣುಕು ಬೇಕು. ಇಂಜಿನ್ ನಿಮಿಷಕ್ಕೆ 1200 ಸುತ್ತು ಓಡುತ್ತಿದ್ದರೆ ಅರ್ಧ ಸುತ್ತಿಗೆ ಸಿಗುವುದು ಸೆಕೆಂಡಿನ ನಲವತ್ತನೆಯ ಒಂದು ಭಾಗ ಮಾತ್ರ. ಹಾಗಾಗಿ ಪಿಸ್ಟನ್ ತುದಿ ಮುಟ್ಟುವುದಕ್ಕೆ ಮೊದಲೇ ಕಿಡಿ ಕೊಡಬೇಕು. ಆದರೆ ಮನುಷ್ಯನ ಕೈ ನಿಮಿಷಕ್ಕೆ 60 ಸುತ್ತಿನ ವೇಗದಲ್ಲಿ ತಿರುಗಿಸಿದಾಗ ಅದೇ ಅರ್ಧ ಸುತ್ತಿಗೆ ಅರ್ಧ ಸೆಕೆಂಡ್ ಹಿಡಿಯುತ್ತದೆ. ಆಗಲೂ ಕಿಡಿ ಮೊದಲೇ ಹಾರಿದರೆ ಪಿಸ್ಟನ್ ಇನ್ನೂ ಏರುತ್ತಿರುವಾಗಲೇ ಮಿಶ್ರಣ ಪೂರ್ತಿ ಹೊತ್ತಿ ಅದನ್ನು ಬಂದ ದಾರಿಯಲ್ಲೇ ಹಿಂದಕ್ಕೆ ನೂಕುತ್ತದೆ. ಉಯ್ಯಾಲೆ ನಮ್ಮ ಕಡೆಗೆ ಬರುತ್ತಿರುವಾಗಲೇ ತಳ್ಳಲು ಹೋದರೆ ಕೈಗೆ ಪೆಟ್ಟು ಬೀಳುವುದಿಲ್ಲವೇ, ಹಾಗೆ.

ಇಲ್ಲಿ ಇನ್ನೊಂದು ಸೂಕ್ಷ್ಮವಿದೆ, ಬಹಳ ಜನರಿಗೆ ಇದು ತಿಳಿದಿರುವುದಿಲ್ಲ. ಹ್ಯಾಂಡಲ್ ಇಂಜಿನ್‌ಗೆ ಕಚ್ಚಿಕೊಳ್ಳುವ ಜಾಗದಲ್ಲಿ ಓರೆಯಾದ ಹಲ್ಲುಗಳಿರುತ್ತವೆ. ಇಂಜಿನ್ ಸರಿಯಾದ ದಿಕ್ಕಿನಲ್ಲಿ ಕೈಯನ್ನು ಮೀರಿ ಓಡಿದರೆ ಆ ಓರೆ ಹ್ಯಾಂಡಲನ್ನು ಹೊರಗೆ ನೂಕಿ ಬಿಡಿಸುತ್ತದೆ. ಇಂಜಿನ್ ಹಿಂದಕ್ಕೆ ತಿರುಗಿದರೆ ಬಿಡಿಸಿಕೊಳ್ಳುವ ದಾರಿಯೇ ಇಲ್ಲ. ಹಲ್ಲಿಗೆ ಹಲ್ಲು ಬಿಗಿಯಾಗಿ ಕಚ್ಚಿ, ಇಂಜಿನ್‌ನ ಅಷ್ಟೂ ಬಲ ನೇರವಾಗಿ ಕೈಗೆ ಬರುತ್ತದೆ. ಮಾಡೆಲ್ ಟಿಯದು 2.9 ಲೀಟರಿನ ಇಂಜಿನ್. ಒಂದೊಂದು ಸಿಲಿಂಡರೂ ಮುಕ್ಕಾಲು ಲೀಟರಿಗೆ ಸ್ವಲ್ಪವಷ್ಟೇ ಕಡಿಮೆ. ಅಷ್ಟು ದೊಡ್ಡ ಸಿಲಿಂಡರಿನ ಒಂದು ಸ್ಫೋಟವನ್ನು ಮಣಿಕಟ್ಟು ತಡೆಯಲಾರದು, ಎಷ್ಟೇ ಗಟ್ಟಿ ಆಳಾಗಿರಲಿ.

ಈಗ ನಿಮ್ಮ ಪತ್ರದ ಒಂದು ಪದಕ್ಕೆ ಬರುತ್ತೇನೆ. ‘ಬಲಗೈ’ ಎಂದು ಬರೆದಿದ್ದೀರಿ. ನನ್ನ ಅಭಿಪ್ರಾಯವೆಲ್ಲ ನಿಂತಿರುವುದು ಆ ಒಂದು ಪದದ ಮೇಲೆ.

ಕಾರಿನ ಮುಂದೆ ನಿಂತು ನೋಡಿದರೆ ಹ್ಯಾಂಡಲ್ ಗಡಿಯಾರದ ಮುಳ್ಳಿನಂತೆ ತಿರುಗುತ್ತದೆ. ಎಡಭಾಗದಲ್ಲಿ ಮೇಲೇರುತ್ತದೆ, ಬಲಭಾಗದಲ್ಲಿ ಕೆಳಗಿಳಿಯುತ್ತದೆ. ಕಲಿತವರು ಎಡಗೈಯ ನಾಲ್ಕು ಬೆರಳನ್ನು ಕೊಕ್ಕೆಯಂತೆ ಹಿಡಿಗೆ ಸಿಕ್ಕಿಸಿ, ಹೆಬ್ಬೆರಳನ್ನು ಹಿಡಿಗೆ ಸುತ್ತದೆ ಬೆರಳುಗಳ ಪಕ್ಕದಲ್ಲೇ ಇಟ್ಟು, ಕೆಳಗಿನಿಂದ ಮೇಲಕ್ಕೆ ಒಂದೇ ಜಗ್ಗು ಜಗ್ಗುತ್ತಿದ್ದರು. ಕಾಲು ಸುತ್ತು, ಅಷ್ಟೇ. ಆಗ ಒದ್ದರೂ ಹಿಡಿ ಕೆಳಕ್ಕೆ ಜಾರಿ ಬೆರಳುಗಳು ತಾವೇ ಬಿಚ್ಚಿಕೊಳ್ಳುತ್ತವೆ. ಬಲಗೈಯಲ್ಲಿ ಹಿಡಿದು ಸುತ್ತಿನ ಮೇಲೆ ಸುತ್ತು ತಿರುಗಿಸುವವನು ಬಲಭಾಗಕ್ಕೆ ಬಂದಾಗ ಮೈಭಾರ ಹಾಕಿ ಹಿಡಿಯನ್ನು ಕೆಳಕ್ಕೆ ಒತ್ತುತ್ತಾನೆ. ತೋಳು ನೇರವಾಗಿರುತ್ತದೆ, ಅಂಗೈ ಹಿಡಿಯ ಮೇಲಿರುತ್ತದೆ. ಆ ಗಳಿಗೆಯಲ್ಲಿ ಒದ್ದರೆ ಹಿಡಿ ಮೇಲಕ್ಕೆ, ಅಂಗೈಯೊಳಕ್ಕೇ ಬರುತ್ತದೆ. ಮುರಿಯುವುದು ಮಣಿಕಟ್ಟು.

ಹಾಗಾದರೆ ನಿಮ್ಮ ಅಜ್ಜಯ್ಯನಿಗೆ ಸರಿಯಾದ ಕ್ರಮ ಗೊತ್ತಿರಲಿಲ್ಲವೇ? ಗೊತ್ತಿತ್ತೆಂದೇ ನನ್ನ ಎಣಿಕೆ. ಅವರು ಬಲಗೈಗೆ ಇಳಿಯಲು ಕಾರಣ ಯುದ್ಧದ ಕಾಲವಿರಬೇಕು. ಮಾಡೆಲ್ ಟಿಗೆ ಕಿಡಿಯ ವಿದ್ಯುತ್ತು ಎರಡು ಕಡೆಯಿಂದ ಬರಬಹುದು. ಒಂದು ಬ್ಯಾಟರಿ. ಇನ್ನೊಂದು ಇಂಜಿನ್‌ನ ಫ್ಲೈವೀಲ್ ಎಂಬ ಭಾರದ ಚಕ್ರಕ್ಕೆ ಜೋಡಿಸಿದ 16 ಅಯಸ್ಕಾಂತಗಳ ಮ್ಯಾಗ್ನೆಟೊ. ಬ್ಯಾಟರಿ ಇದ್ದರೆ ನಿಧಾನವಾಗಿ ಕಾಲು ಸುತ್ತು ಜಗ್ಗಿದರೂ ಕಿಡಿ ಬಲವಾಗಿ ಹಾರುತ್ತದೆ. ಮ್ಯಾಗ್ನೆಟೊ ಹಾಗಲ್ಲ, ಅದು ವೇಗವಾಗಿ ತಿರುಗಿದಷ್ಟೂ ವಿದ್ಯುತ್ತು ಕೊಡುತ್ತದೆ, ನಿಧಾನವಾದರೆ ಕಿಡಿಯೇ ಇಲ್ಲ. ಯುದ್ಧದ ವರ್ಷಗಳಲ್ಲಿ ಪೆಟ್ರೋಲಿಗೆ ರೇಷನ್. 1942ರಲ್ಲಿ ಮಲಯ ಜಪಾನಿನ ವಶವಾದ ಮೇಲೆ ರಬ್ಬರಿಗೆ, ಅಂದರೆ ಟೈರಿಗೆ, ಬರಗಾಲ. ಅಂಥ ಕಾಲದಲ್ಲಿ ಕೊಪ್ಪದ ಕಡೆಯ ಒಂದು ತೋಟದ ಮನೆಗೆ ಹೊಸ ಬ್ಯಾಟರಿ ಎಲ್ಲಿಂದ ಬರಬೇಕು? ಬ್ಯಾಟರಿಯಿಲ್ಲದೆಯೂ ಓಡುತ್ತದೆ ಎಂಬ ಒಂದೇ ಗುಣದಿಂದ ಆ ಹಳೆಯ ಕಾರುಗಳು ಅಷ್ಟು ವರ್ಷ ಬದುಕಿದವು. ಆದರೆ ಅದಕ್ಕೆ ತೆತ್ತ ಬೆಲೆ ಇದು: ಚಳಿಗೆ ಗಟ್ಟಿಯಾದ ಎಣ್ಣೆಯ ಇಂಜಿನ್ನನ್ನು ವೇಗವಾಗಿ, ಪೂರ್ತಿ ಸುತ್ತು ತಿರುಗಿಸಬೇಕು. ಎಡಗೈಯ ಕಾಲು ಸುತ್ತು ಸಾಲದು. ಮನುಷ್ಯ ಬಲಗೈಗೆ ಬದಲಿಸುತ್ತಾನೆ.

ಮ್ಯಾಗ್ನೆಟೊದಲ್ಲಿ ಎಬ್ಬಿಸುವಾಗ ಇನ್ನೊಂದು ಮಾತಿದೆ. ಕಿಡಿಯ ಕಡ್ಡಿಯನ್ನು ಪೂರ್ತಿ ಮೇಲಿಡದೆ, ಅದು ಕೂರುವ ಹಲ್ಲುಪಟ್ಟಿಯಲ್ಲಿ ಕೆಲವು ಹಲ್ಲು ಕೆಳಗೆ ಇಳಿಸಿದರೆ ಇಂಜಿನ್ ಬೇಗ ಹಿಡಿಯುತ್ತದೆ. ಕಂಪನಿಯ ಕೈಪಿಡಿಯೂ ಹಾಗೆಯೇ ಹೇಳಿ, ಹೆಚ್ಚು ಇಳಿಸಿದರೆ ಹಿಂದಕ್ಕೆ ಒದೆಯುತ್ತದೆ ಎಂದು ಎಚ್ಚರಿಸುತ್ತದೆ. ಹಾಗಾಗಿ ಹ್ಯಾಂಡಲ್ ಹಿಡಿಯುವ ಮೊದಲೇ ಆ ಕಡ್ಡಿ ಸ್ವಲ್ಪ ಕೆಳಗೆ ಇದ್ದಿರಬಹುದು, ನಿಮ್ಮ ಅಜ್ಜಯ್ಯನೇ ಇಳಿಸಿಟ್ಟಿರಬಹುದು. ಅಲ್ಲದೆ ಕಡ್ಡಿಯಿಂದ ಇಂಜಿನ್‌ನ ಮುಂಭಾಗದಲ್ಲಿ ಕಿಡಿಯ ಹೊತ್ತನ್ನು ನಿರ್ಧರಿಸುವ ಟೈಮರ್‌ವರೆಗೆ ಒಂದು ತಂತಿಯಂಥ ಸರಳು ಹೋಗುತ್ತದೆ. ಅದು ಬಾಗಿದರೆ, ಟೈಮರಿನ ಉರುಳೆ ಸವೆದರೆ, ಮೇಲೆ ಕಡ್ಡಿ ಎಲ್ಲಿದೆಯೋ ಕೆಳಗೆ ಕಿಡಿ ಅಲ್ಲಿರುವುದಿಲ್ಲ. ಇಪ್ಪತ್ತು ವರ್ಷ ಓಡಿದ ಕಾರಿನಲ್ಲಿ ಆ ಕೀಲುಗಳು ಸಡಿಲವಾಗದೆ ಇರುವುದು ಅಪರೂಪ. ನಾನು ಬಿಚ್ಚಿ ಜೋಡಿಸಿದ ಪ್ರತಿ ಮಾಡೆಲ್ ಟಿಯಲ್ಲೂ ಮೊದಲು ನೋಡಿದ್ದು ಆ ಸರಳನ್ನೇ.

ಆ ಮುಂಜಾನೆ ಏನಾಗಿರಬಹುದು? ನನ್ನ ಊಹೆ ಹೀಗಿದೆ. ಒಂದೆರಡು ಸುತ್ತಿಗೆ ಇಂಜಿನ್ ಒಮ್ಮೆ ಕೆಮ್ಮಿತು. ಆ ಸದ್ದು ಕೇಳಿ ಹುಡುಗ ಇಂಜಿನ್ ಹಿಡಿದುಕೊಂಡಿತೆಂದು, ಹೇಳಿಕೊಟ್ಟ ಪ್ರಕಾರವೇ ಕಡ್ಡಿ ಎಳೆದ. ಇಂಜಿನ್ ನಿಂತಿತು. ಅಜ್ಜಯ್ಯ ಕಡ್ಡಿಯನ್ನು ನೋಡದೆ, ಇನ್ನೇನು ಹತ್ತಿತು ಎಂಬ ಆತುರದಲ್ಲಿ ಮತ್ತೆ ತಿರುಗಿಸಿದರು. ಇಂಜಿನ್ ಕೆಮ್ಮಿ ನಿಂತಾಗ ಹ್ಯಾಂಡಲ್ ಹಿಡಿದವನ ಮೈಯಲ್ಲಿ ಏಳುವ ಆತುರ ನನಗೆ ಚೆನ್ನಾಗಿ ಗೊತ್ತು. ಹಾಗೆ ನಡೆದಿದ್ದರೆ ಹುಡುಗ ತನಗೆ ಹೇಳಿದ ಕೆಲಸವನ್ನು ಸರಿಯಾಗಿಯೇ ಮಾಡಿದ್ದ. ಸುತ್ತು ನಡೆಯುತ್ತಿರುವಾಗಲೇ ಕಡ್ಡಿ ಎಳೆದು ಒದೆಸಿರಬಹುದಲ್ಲವೇ ಎಂದು ಕೇಳಬಹುದು. ಅಂಥದ್ದು ನಡೆಯಲು ಪಿಸ್ಟನ್ ತುದಿಗೆ ಬರುವ ಆ ಅರ್ಧ ಸೆಕೆಂಡಿನೊಳಗೆ ಅವನ ಕೈ ಆಡಿರಬೇಕು. ಆಗಲೇ ಆಡಿತ್ತು ಎಂಬುದಕ್ಕಿಂತ ಕಡ್ಡಿ ಮೊದಲೇ ಕೆಳಗಿತ್ತು, ಯಾರೂ ನೋಡಲಿಲ್ಲ ಎಂಬುದು ಹೆಚ್ಚು ಸಂಭವನೀಯ.

ನೋಡಬೇಕಾದವರು ಯಾರು? ಈ ವಿಷಯದಲ್ಲಿ ಗ್ಯಾರೇಜುಗಳಲ್ಲಿ ಎರಡು ಮಾತಿಲ್ಲ. ನನ್ನ ತಂದೆ ಯುದ್ಧದ ಕಾಲದಲ್ಲಿ ಬಸ್ ಕ್ಲೀನರ್ ಆಗಿದ್ದವರು. ಆಗ ಪೆಟ್ರೋಲ್ ಸಿಗದೆ ಬಸ್ಸುಗಳ ಹಿಂದೆ ಇದ್ದಿಲ ಒಲೆಯ ದೊಡ್ಡ ಕೊಳವೆ ಕಟ್ಟಿ, ಆ ಗ್ಯಾಸಿನಲ್ಲಿ ಓಡಿಸುತ್ತಿದ್ದರು. ಬೆಳಗಿನ ಜಾವ ಎದ್ದು ಕೈಯಿಂದ ತಿರುಗಿಸುವ ಗಾಳಿಯಂತ್ರದಿಂದ ಬೆಂಕಿ ಹೊತ್ತಿಸಿ, ಆಮೇಲೆ ಹ್ಯಾಂಡಲ್ ಹೊಡೆಯಬೇಕಾದವನು ಕ್ಲೀನರ್. ಅವರು ಮುಂದೆ ಶಿವಮೊಗ್ಗದಲ್ಲಿ ಗ್ಯಾರೇಜು ಇಟ್ಟರು, ನನಗೆ ಕೆಲಸ ಕಲಿಸಿದರು. ‘ಹ್ಯಾಂಡಲ್ ಹಿಡಿದವನದೇ ಜವಾಬ್ದಾರಿ. ಪ್ರತಿ ಸಲ ಹಿಡಿಯುವ ಮೊದಲು ಹೋಗಿ ಕಡ್ಡಿ ನೋಡಿ ಬಾ. ಒಳಗೆ ಕುಳಿತವನು ಹೇಳಿದ್ದನ್ನು ನಂಬಬೇಡ’ ಎನ್ನುತ್ತಿದ್ದರು. ಹದಿನೈದನೆಯ ವಯಸ್ಸಿನಲ್ಲಿ ನಾನು ಒಂದು ಜೀಪಿನ ಕಿಡಿಯ ಟೈಮಿಂಗ್ ತಪ್ಪಾಗಿ ಕೂರಿಸಿ, ನಾನೇ ಹ್ಯಾಂಡಲ್ ಹೊಡೆದೆ, ಹೆಬ್ಬೆರಳನ್ನು ಹಿಡಿಗೆ ಸುತ್ತಿಕೊಂಡು. ಒದ್ದ ಪೆಟ್ಟಿಗೆ ಹೆಬ್ಬೆರಳು ಬದನೆಕಾಯಿಯಂತೆ ಊದಿಕೊಂಡಿತು. ಅಂದಿನಿಂದ ಇಂದಿನವರೆಗೆ ಯಾವ ಹ್ಯಾಂಡಲ್ ಹಿಡಿದರೂ ಹೆಬ್ಬೆರಳು ತಾನಾಗಿ ಪಕ್ಕಕ್ಕೆ ಸರಿಯುತ್ತದೆ.

ಇನ್ನೂ ಒಂದು ಮಾತು, ತಂದೆಯವರಿಗೆ ಇದನ್ನು ಖಂಡಿತ ಹೇಳಿ. ಮಣಿಕಟ್ಟಿನಲ್ಲಿ ಹೆಬ್ಬೆರಳಿನ ಬದಿಗೆ ಬರುವ ಮೂಳೆಯ ತುದಿ ಒಡೆಯುವ ಒಂದು ಬಗೆಯ ಮುರಿತವಿದೆ. ಮೂಳೆ ವೈದ್ಯರು ಇಂದಿಗೂ ಅದನ್ನು ‘ಶೋಫರ್ ಮುರಿತ’ ಎಂದೇ ಕರೆಯುತ್ತಾರೆ. ಶೋಫರ್ ಎಂದರೆ ಕಾರು ಚಾಲಕ. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಹ್ಯಾಂಡಲ್ ಒದ್ದು ಆಸ್ಪತ್ರೆಗೆ ಬರುವ ಚಾಲಕರು ಅಷ್ಟು ಜನ ಇದ್ದುದರಿಂದ ಆ ಮುರಿತಕ್ಕೆ ಅವರ ಕಸುಬಿನ ಹೆಸರೇ ಅಂಟಿಕೊಂಡಿತು. ಅವರೆಲ್ಲ ಸಂಬಳಕ್ಕೆ ಕಾರು ಓಡಿಸುತ್ತಿದ್ದ, ಕೆಲಸ ಬಲ್ಲ ವಯಸ್ಕರು. ಅವರ ಕಾರುಗಳ ಸೀಟಿನಲ್ಲಿ ಎಂಟು ವರ್ಷದ ಮಗ ಕುಳಿತಿರಲಿಲ್ಲ. ಆದರೂ ಕೈ ಮುರಿಯಿತು. ತಪ್ಪು ಆ ಯಂತ್ರದ ರಚನೆಯಲ್ಲೇ ಇತ್ತು. ಅದನ್ನು ಅರಿತೇ ಅಮೆರಿಕದ ಚಾರ್ಲ್ಸ್ ಕೆಟರಿಂಗ್ ವಿದ್ಯುತ್ ಸ್ಟಾರ್ಟರ್ ರೂಪಿಸಿದರು. 1912ರ ಕ್ಯಾಡಿಲಾಕ್ ಕಾರುಗಳಲ್ಲಿ ಅದು ಬಂತು. ಮಾಡೆಲ್ ಟಿಗೆ ಅದು ಸಿಕ್ಕಿದ್ದು 1919ರಲ್ಲಿ, ತೆರೆದ ಕಾರುಗಳಿಗೆ ಹೆಚ್ಚಿನ ಹಣ ಕೊಟ್ಟರೆ ಮಾತ್ರ. ಇದ್ದರೂ ಬ್ಯಾಟರಿ ಸತ್ತ ಮೇಲೆ ಅದರಿಂದ ಪ್ರಯೋಜನವಿಲ್ಲ.

ಘಾಟಿಯ ಕಥೆಯನ್ನು ನಂಬಿ. ಅದು ನಡೆದಿರಲು ಪೂರ್ತಿ ಸಾಧ್ಯ. ಮಾಡೆಲ್ ಟಿಯ ಪೆಟ್ರೋಲ್ ಟ್ಯಾಂಕ್ ಮುಂದಿನ ಸೀಟಿನ ಕೆಳಗಿತ್ತು, ಪೆಟ್ರೋಲ್ ಎತ್ತುವ ಪಂಪು ಇರಲಿಲ್ಲ. ಟ್ಯಾಂಕ್‌ನಿಂದ ಕಾರ್ಬುರೇಟರಿಗೆ ಪೆಟ್ರೋಲ್ ತಾನಾಗಿ ಇಳಿದು ಹೋಗಬೇಕು. ಟ್ಯಾಂಕಿನಲ್ಲಿ ಕಡಿಮೆ ಇದ್ದು ಏರು ಕಡಿದಾಗಿದ್ದರೆ ಮೂತಿ ಮೇಲೆದ್ದು ಕಾರ್ಬುರೇಟರ್ ಟ್ಯಾಂಕಿಗಿಂತ ಎತ್ತರಕ್ಕೆ ಹೋಗುತ್ತದೆ, ಇಂಜಿನ್ ಉಸಿರುಗಟ್ಟಿ ನಿಲ್ಲುತ್ತದೆ. ಕಾರನ್ನು ತಿರುಗಿಸಿ ಹಿಮ್ಮುಖವಾಗಿ ಹತ್ತಿಸಿದರೆ ಟ್ಯಾಂಕ್ ಮೇಲೆ, ಕಾರ್ಬುರೇಟರ್ ಕೆಳಗೆ. ಅದಲ್ಲದೆ ಹಿಮ್ಮುಖದ ಗೇರು, ಮುಂದಕ್ಕೆ ಓಡಿಸುವ ಕೆಳಗಿನ ಗೇರಿಗಿಂತಲೂ ಬಲವಾದದ್ದು. ಮುಂದಿನದರಲ್ಲಿ ಇಂಜಿನ್ 2.75 ಸುತ್ತು ತಿರುಗುವಲ್ಲಿ ಹಿಂದಿನದರಲ್ಲಿ 4 ಸುತ್ತು. ಆಗುಂಬೆಯ 14 ಹಿಮ್ಮುರಿ ತಿರುವುಗಳನ್ನು ಕತ್ತು ಹಿಂದಕ್ಕೆ ತಿರುಗಿಸಿಕೊಂಡು, ಒಂದು ಕಾಲು ನಡುವಿನ ಪೆಡಲ್ ಮೇಲೆ ಒತ್ತಿಟ್ಟುಕೊಂಡು ಹತ್ತಿಸುವುದೆಂದರೆ ಅಸಾಧಾರಣ ಕೈಚಳಕ. ನಿಮ್ಮ ಅಜ್ಜಯ್ಯ ಒಳ್ಳೆಯ ಚಾಲಕರಾಗಿದ್ದರು.

ಈ ಕಥೆಯಿಂದ ಕಾರಿನ ವಯಸ್ಸೂ ಅಂದಾಜಾಗುತ್ತದೆ. 1926ರ ಮಾದರಿಯಿಂದ ಹೆಚ್ಚಿನ ಮಾಡೆಲ್ ಟಿಗಳ ಟ್ಯಾಂಕನ್ನು ಸೀಟಿನಡಿಯಿಂದ ತೆಗೆದು ಮುಂದಕ್ಕೆ, ಗಾಜಿನ ಕೆಳಗೆ ಎತ್ತರದಲ್ಲಿ ಇಟ್ಟರು. ಪೆಟ್ರೋಲ್ ಕಡಿಮೆಯಾದದ್ದಕ್ಕೇ ಹಿಮ್ಮುಖವಾಗಿ ಹತ್ತಿಸಬೇಕಾಯಿತೆಂದರೆ ನಿಮ್ಮದು 1925 ಅಥವಾ ಅದಕ್ಕೂ ಹಿಂದಿನದಿರಬೇಕು. ಇದನ್ನು ಖಚಿತಪಡಿಸಿಕೊಳ್ಳಲು ತಂದೆಯವರಿಗೆ ಒಂದು ಪ್ರಶ್ನೆ ಕೇಳಿ: ಪೆಟ್ರೋಲ್ ಹಾಕುವಾಗ ಸೀಟಿನಲ್ಲಿ ಕುಳಿತವರನ್ನು ಇಳಿಸುತ್ತಿದ್ದರೇ? ಹಳೆಯ ಕಾರಿನಲ್ಲಿ ಮೆತ್ತೆಯನ್ನು ಎತ್ತಿ, ಟ್ಯಾಂಕಿನ ಬಾಯಿಗೆ ಕಡ್ಡಿ ಅದ್ದಿ, ಎಷ್ಟು ಒದ್ದೆಯಾಯಿತೆಂದು ನೋಡಬೇಕಿತ್ತು. ಮದುವೆಗೆ ಹೊರಟ ಅಜ್ಜಿಯೂ ಸೀರೆ ಎತ್ತಿಕೊಂಡು ರಸ್ತೆಗೆ ಇಳಿದು ನಿಲ್ಲಬೇಕಾಗುತ್ತಿತ್ತು. ಅಂಥ ದೃಶ್ಯವನ್ನು ಮಕ್ಕಳು ಮರೆಯುವುದಿಲ್ಲ.

ಘಾಟಿ ಇಳಿಯುವುದರ ಬಗ್ಗೆ ನೀವು ಕೇಳಿಲ್ಲ, ಆದರೂ ಹೇಳಬೇಕೆನಿಸುತ್ತದೆ, ಏಕೆಂದರೆ ಹತ್ತುವುದಕ್ಕಿಂತ ಅದೇ ಹೆಚ್ಚು ಭಯದ ಕೆಲಸವಾಗಿತ್ತು. ಆ ಕಾರಿನ ಕಾಲ್ಬ್ರೇಕು ಚಕ್ರವನ್ನು ಹಿಡಿಯುವುದಿಲ್ಲ, ಗೇರುಪೆಟ್ಟಿಗೆಯೊಳಗಿನ ಒಂದು ಪಟ್ಟಿಯನ್ನು ಬಿಗಿಯುತ್ತದೆ. ಆಗುಂಬೆಯಿಂದ ಸೋಮೇಶ್ವರದವರೆಗೆ ಅದೊಂದನ್ನೇ ಒತ್ತುತ್ತಾ ಇಳಿದರೆ ಪಟ್ಟಿ ಸುಟ್ಟುಹೋಗುತ್ತದೆ. ಬಲ್ಲವರು ಒಮ್ಮೆ ಬ್ರೇಕು, ಒಮ್ಮೆ ಕೆಳಗಿನ ಗೇರಿನ ಪೆಡಲ್, ಒಮ್ಮೆ ಹಿಮ್ಮುಖದ ಪೆಡಲ್ ಹೀಗೆ ಮೂರನ್ನೂ ಸರದಿಯ ಮೇಲೆ ಒತ್ತಿ ಮೂರೂ ಪಟ್ಟಿಗಳಿಗೆ ಸಮನಾಗಿ ಭಾರ ಹಂಚುತ್ತಿದ್ದರು. ಅಜ್ಜಯ್ಯನ ಕಾಲುಗಳು ಇಳಿಜಾರಿನಲ್ಲಿ ಹಾರ್ಮೋನಿಯಂ ಒತ್ತುವವರ ಬೆರಳಿನಂತೆ ಆಡುತ್ತಿದ್ದವೇ ಎಂದು ಕೇಳಿ ನೋಡಿ.

ಅಟ್ಟದ ಹ್ಯಾಂಡಲ್ ಆ ಕಾರಿನದಲ್ಲ. ಮಾಡೆಲ್ ಟಿಯ ಹ್ಯಾಂಡಲ್ ಬಿಚ್ಚಿ ಒಳಗಿಡುವಂಥದ್ದಲ್ಲ. ಅದು ರೇಡಿಯೇಟರಿನ ಕೆಳಗೆ ಸದಾ ಕಾರಿಗೇ ಅಂಟಿಕೊಂಡು ಇರುತ್ತದೆ, ಬೇಕಾದಾಗ ಒಳಕ್ಕೆ ಒತ್ತಿ ಕಚ್ಚಿಸುತ್ತಾರೆ. ನೀವು ಕಳುಹಿಸಿದ ಚಿತ್ರದಲ್ಲಿರುವುದು ಉದ್ದವಾದ ಸರಳು, ತುದಿಯಲ್ಲಿ ಅಡ್ಡ ಮೊಳೆ. ಇದು ಬಂಪರಿನ ತೂತಿನ ಮೂಲಕ ತೂರಿಸುವ ಬಿಡಿ ಹ್ಯಾಂಡಲ್. ಸ್ವಾತಂತ್ರ್ಯದ ನಂತರ ಬಂದ ಜೀಪುಗಳಿಗೆ, ಅಂಬಾಸಿಡರ್, ಫಿಯೆಟ್ ಕಾರುಗಳಿಗೆ ಇಂಥದ್ದನ್ನು ಕೊಡುತ್ತಿದ್ದರು. ನಿಮ್ಮ ಮನೆಯಲ್ಲಿ ಮುಂದೆ ಜೀಪೋ ಕಾರೋ ಇದ್ದಿದ್ದರೆ ಅದರದ್ದಿರಬೇಕು. ಆ ಗಾಡಿಗಳಲ್ಲಿ ಕಿಡಿಯ ಕಡ್ಡಿ ಇರಲಿಲ್ಲ. ಇಂಜಿನ್‌ನ ವೇಗಕ್ಕೆ ತಕ್ಕಂತೆ ಕಿಡಿಯನ್ನು ಹಿಂದೆ ಮುಂದೆ ಮಾಡುವ ಸಣ್ಣ ತೂಕಗಳು, ಸಿಲಿಂಡರುಗಳಿಗೆ ಕಿಡಿ ಹಂಚುವ ಡಿಸ್ಟ್ರಿಬ್ಯೂಟರಿನ ಒಳಗೇ ಇದ್ದವು. ನಿಮ್ಮ ತಲೆಮಾರಿನವರು ಹ್ಯಾಂಡಲ್ ಹೊಡೆಯುವುದನ್ನು ನೋಡಿಯೂ ತಂದೆಯವರು ಹೇಳುವ ಕಡ್ಡಿ ಯಾವುದೆಂದು ತಿಳಿಯದೆ ಹೋದದ್ದು ಅದಕ್ಕೇ. ಹ್ಯಾಂಡಲನ್ನು ಎಸೆಯಬೇಡಿ. ತುಕ್ಕನ್ನು ಸೀಮೆಎಣ್ಣೆಯಲ್ಲಿ ಒರೆಸಿ, ಎಣ್ಣೆ ಸವರಿ ಇಡಿ, ಬಣ್ಣ ಬಳಿಯಬೇಡಿ. ಯಾರ ಕೈ ಮುರಿದದ್ದೂ ಅದಲ್ಲ.

ಮತ್ತೆ ಎಡಗೈಗೆ ಬರುತ್ತೇನೆ. ಕೈ ಕೂಡಿದ ಮೇಲೂ ಅಜ್ಜಯ್ಯ ಕೊನೆಯವರೆಗೆ ಎಡಗೈಯಲ್ಲೇ ಹೊಡೆದರು ಎಂದಿದ್ದೀರಿ. ಬಲಗೈಯಲ್ಲಿ ಶಕ್ತಿ ಉಳಿದಿರಲಿಲ್ಲ ಎಂದು ಮನೆಯವರು ತಿಳಿದಿರಬಹುದು, ಅದೂ ಇರಬಹುದು. ಆದರೆ ಎಡಗೈಯೇ ಸರಿಯಾದ ಕೈ. ತಾನು ಎಲ್ಲಿ ತಪ್ಪಿದೆ ಎಂಬುದು ಅವರಿಗೆ ತಿಳಿದಿತ್ತು, ಅದನ್ನು ತಿದ್ದಿಕೊಂಡರು ಎಂದು ನಾನು ಓದುತ್ತೇನೆ. ಮತ್ತು ಸೀಟಿನಲ್ಲಿ ಕೂರಿಸಿದ್ದು ಅದೇ ಹುಡುಗನನ್ನು. ತೋಟದ ಮನೆಯಲ್ಲಿ ಆಳುಕಾಳು ಇರಲಿಲ್ಲವೇ, ಕಡ್ಡಿ ಎಳೆಯಲು ಬೇರೆ ಯಾರೂ ಸಿಗುತ್ತಿರಲಿಲ್ಲವೇ? ಕೈ ಮುರಿದದ್ದು ಈ ಹುಡುಗನಿಂದ ಎಂದು ಅವರಿಗೆ ಒಂದಿಷ್ಟಾದರೂ ಅನ್ನಿಸಿದ್ದರೆ, ಇನ್ನೊಂದು ಕೈಯನ್ನು ಅವನ ಭರವಸೆಯ ಮೇಲೆ ಹ್ಯಾಂಡಲ್‌ಗೆ ಕೊಡುತ್ತಿರಲಿಲ್ಲ.

ತಂದೆಯವರನ್ನು ಇಷ್ಟು ಕೇಳಿ, ಉತ್ತರ ಬರೆದು ಕಳುಹಿಸಿ: ಆ ಬೆಳಿಗ್ಗೆ ಮರದ ಪೆಟ್ಟಿಗೆ ಹ್ಯಾಂಡಲ್ ಹೊಡೆಯುವ ಮೊದಲೇ ಸದ್ದು ಮಾಡುತ್ತಿತ್ತೇ, ಅಥವಾ ತಿರುಗಿಸುವಾಗ ಮಾತ್ರವೇ? ಮೊದಲೇ ಮಾಡುತ್ತಿದ್ದರೆ ಬ್ಯಾಟರಿ ಇತ್ತು, ನನ್ನ ಊಹೆಯ ಒಂದು ಭಾಗವನ್ನು ತಿದ್ದಿಕೊಳ್ಳಬೇಕಾಗುತ್ತದೆ. ಇಂಜಿನ್ ಒಮ್ಮೆ ಕೆಮ್ಮಿ ನಿಂತಿತ್ತೇ? ಅಜ್ಜಯ್ಯ ಸುತ್ತುತ್ತಿದ್ದರೋ, ಒಂದೇ ಜಗ್ಗು ಜಗ್ಗುತ್ತಿದ್ದರೋ? ಪೆಟ್ಟು ಬಿದ್ದ ಮೇಲೆ ಅವರು ಆಡಿದ ಮೊದಲ ಮಾತು ಯಾವುದು?

ನನ್ನ ಆರೈಕೆಯಲ್ಲಿ ಈಗ 1924ರ ಒಂದು ಮಾಡೆಲ್ ಟಿ ಇದೆ, ಓಡುವ ಸ್ಥಿತಿಯಲ್ಲಿದೆ. ಮಳೆಗಾಲ ಕಳೆದ ಮೇಲೆ, ಅವರ ಆರೋಗ್ಯ ಒಪ್ಪುವುದಾದರೆ, ತಂದೆಯವರನ್ನು ಶಿವಮೊಗ್ಗಕ್ಕೆ ಕರೆದುಕೊಂಡು ಬನ್ನಿ. ಸೀಟು ಸ್ವಲ್ಪ ಎತ್ತರ, ಹತ್ತಲು ಒಂದು ಮಣೆ ಇಡುತ್ತೇನೆ. ಅವರು ಕಡ್ಡಿ ಹಿಡಿದು ಕೂರಲಿ. ಹ್ಯಾಂಡಲ್ ನಾನು ಹಿಡಿಯುತ್ತೇನೆ.